ಹೋಲಿಕೆ ಗುಂಪು

ಕಪನೂರಿನ ಬೇಳೆ ಮಿಲ್ಲುಗಳ ಹಿಂದೆ
ತಗಡು ಹೊದ್ದ ಕೋಣೆಯಲ್ಲಿ ಸಂಜೆಯ ಸಾಲಿ.
ನನ್ನ ಚೀಲದಲ್ಲಿ ಹದಿನಾಲ್ಕು ಪುಟದ ನಮೂನೆ,
ಎರಡು ಪೆನ್ಸಿಲ್, ಸೆಕೆಂಡು ಎಣಿಸುವ ಗಡಿಯಾರ,
ನನಗೆಂದೇ ತಂದ ಬಿಸ್ಕೀಟು.
ಮಕ್ಕಳಿಗೆ ಕೊಡಕೂಡದು;
ಕೊಟ್ಟರೆ ಅಂಕ ಏರುತ್ತವಂತೆ.

ತೊಗರಿ ಹೊಟ್ಟಿನ ಧೂಳು ಕೂತ ಪಾಟಿಗಳನ್ನು
ಮಹಾನಂದಾ ಓಢಣಿಯಿಂದ ಒರೆಸಿ ಹಂಚುತ್ತಾಳೆ.
ಹಗಲು ಮಿಲ್ಲಿನಲ್ಲಿ ಬೇಳೆಯೊಳಗಿನ ಹರಳು ಆರಿಸುವ ಬೆರಳು
ಸಂಜೆ ಒತ್ತಕ್ಷರಗಳನ್ನು ಆರಿಸುತ್ತದೆ.
ಪ್ರತಿ ಒತ್ತಿಗೂ ಗೆಣ್ಣಿನಿಂದ ಪಾಟಿಗೊಂದು ಪೆಟ್ಟು:
ಅಕ್ಕ, ಟಕ್. ಹತ್ತು, ಟಕ್. ರೊಟ್ಟಿ, ಟಕ್.
ಹನ್ನೊಂದು ಮಕ್ಕಳಿಗೆ ಇಷ್ಟು ಗಂಟಲು ಯಾಕೆ?
'ಧ್ವನಿ ಅನಗತ್ಯವಾಗಿ ಜೋರು' ಎಂದು ಬರೆದು
ಅರ್ಧ ಅಂಕ ಕಡಿದೆ.

ಪ್ರಶ್ನೆ ಒಂಬತ್ತು:
ಕಾರ್ಯಕ್ರಮದಿಂದ ಕುಟುಂಬಕ್ಕೆ ಆದ ಲಾಭ?
ತಬಸ್ಸುಮಳ ಅಮ್ಮ ಬೀಡಿ ಎಲೆ ಕತ್ತರಿಸುತ್ತ
ಬಹಳ ಹೊತ್ತು ಯೋಚಿಸಿದಳು.
"ಮೊದಲ ಕಿರಾಣಿಯಾವ ಹೇಳಿದ್ದೇ ಲೆಕ್ಕ ಇತ್ರಿ ಬಾಯಿ.
ಈಗ ನಮ್ ಪೋರಿ ಉದ್ರಿ ಬುಕ್ಕು ಓದ್ತಾಳ.
ಅಂವ ನಮಗ ಉದ್ರಿ ಕೊಡೂದೇ ಬಿಟ್ಟಾನ."
ಕೆಳಗೆ ಮೂರು ಚೌಕ: ಹೆಚ್ಚು, ಸಾಧಾರಣ, ಇಲ್ಲ.
ಪೆನ್ಸಿಲ್ ತುದಿ ಮೂರರ ಮೇಲೂ ಅಲೆದು ಬಂತು.

ಮರುದಿನ ಹಳಿಯಾಚೆ,
ಫರ್ಸಿ ಕೊಯ್ಯುವವರ ಓಣಿ.
ಅಲ್ಲಿ ಸಂಜೆಯ ಸಾಲಿಲ್ಲ.
ಇರಲೂಬಾರದು, ನಮ್ಮ ಲೆಕ್ಕ ಕೂಡಿಬರಬೇಕಾದರೆ.
ಅದೇ ಬಡತನ, ಅದೇ ವಯಸ್ಸು, ಅದೇ ಪರೀಕ್ಷೆ;
ಕಾಗದದ ಮೇಲೆ ಇವರ ಹೆಸರು ಹೋಲಿಕೆ ಗುಂಪು.
"ನಮ್ ಓಣಿಗೂ ಸಾಲಿ ಬರ್ತದೇನ್ರಿ?"
ಇಂಥದಕ್ಕೆ ಮುಖ ಹೇಗಿಡಬೇಕೆಂದು
ಎರಡು ದಿನ ತರಬೇತಿ ಕೊಟ್ಟಿದ್ದಾರೆ ನಮಗೆ.
ಹಾಗೇ ಇಟ್ಟೆ.

ಇಪ್ಪತ್ಮೂರನೆಯವಳು ರುಕ್ಮಿಣಿ ಚವ್ಹಾಣ, ಮನೆಯಲ್ಲಿ ರುಕ್ಲಿ.
ಕೂದಲಲ್ಲಿ ಕಲ್ಲುಪುಡಿ, ಮೊಣಕೈಯಲ್ಲಿ ಹಳೆಯ ಗಾಯ.
ಮೂರನೆಯ ಇಯತ್ತೆಯ ಪಾಠ ಕೊಟ್ಟೆ.
ನಿಲ್ಲದೆ ಓದಿದಳು.
ಓದುತ್ತ ಓದುತ್ತ ಪ್ರತಿ ಒತ್ತಿಗೂ
ಗೆಣ್ಣಿನಿಂದ ನನ್ನ ಗಡಿಯಾರದ ಪಕ್ಕ
ಟಕ್.

ಎಲ್ಲಿ ಕಲ್ತಿ?
ನೆಲ ನೋಡಿದಳು.
"ಹಳಿ ದಾಟಿ ಹೋಗ್ತೀನ್ರಿ. ಅಲ್ಲಿ ನನ್ ಹೆಸರಿಲ್ಲ.
ಕಿಟಕಿ ಹೊರಗ ಕುಂದರ್ತೀನಿ.
ಅಕ್ಕ ನನ್ನ ನೋಡಂಗಿಲ್ಲ.
ಬರೇ ಜೋರ್ ಹೇಳ್ತಾಳ."

ಮೇಲಿನವರಿಗೆ ಫೋನು ಮಾಡಿದೆ.
"ಅದಕ್ಕ ಸೋರಿಕೆ ಅಂತಾರ ಮೇಡಂ," ನಕ್ಕರು,
"ತೆಗೆದುಬಿಡ್ರಿ ಆಕಿನ್ನ."
ಅವರೂ ಕೆಟ್ಟವರಲ್ಲ; ಸಾಲಿ ಉಳಿಯಲೆಂದೇ ದುಡಿಯುವವರು.
ರುಕ್ಲಿಯನ್ನು ಉಳಿಸಿಕೊಂಡರೆ
ಸಾಲಿಯ ಫಲ ಕಡಿಮೆ ಕಾಣುತ್ತದೆ,
ಬರುವ ವರ್ಷದ ದುಡ್ಡು ಹೋಗಬಹುದು.
ತೆಗೆದರೆ
ರುಕ್ಲಿಯೇ ಕಾಣುವುದಿಲ್ಲ.

ರಾತ್ರಿ ಸ್ಟೇಷನ್ನಿನ ಎದುರಿನ ಲಾಡ್ಜಿನಲ್ಲಿ
ಫ್ಯಾನು ಬಿಸಿಗಾಳಿಯನ್ನೇ ತಿರುವುತ್ತಿತ್ತು.
ಬಿಸ್ಕೀಟು ತಿಂದೆ, ಪೂರ್ತಿ ಪೊಟ್ಟಣ, ಹಸಿವಿಲ್ಲದೆ.
ಕಡಿದಿದ್ದ ಅರ್ಧ ಅಂಕವನ್ನು ಅಳಿಸಿ ತುಂಬಿದೆ.
ರಬ್ಬರು ಕಾಗದ ಹರಿಯಿತು.
ಇಪ್ಪತ್ಮೂರನೆಯ ಸಾಲನ್ನು ಮುಟ್ಟಲಿಲ್ಲ,
ಉಳಿಸುವುದಕ್ಕೂ ಅಲ್ಲ, ತೆಗೆಯುವುದಕ್ಕೂ ಅಲ್ಲ.

ಊರು ಬಿಡುವ ಮುನ್ನ ಮತ್ತೆ ಹೋದೆ, ಹಗಲಲ್ಲಿ,
ಬೀಗ ಹಾಕಿದ ಕೋಣೆಯ ಹಿಂಭಾಗಕ್ಕೆ.
ತಗಡಿನ ಮೇಲೆ, ಜಾಲಿಯ ಮೇಲೆ, ಕಿಟಕಿಯ ಸರಳಿನ ಮೇಲೆ
ಬೆರಳು ಹೂಳುವಷ್ಟು ತೊಗರಿ ಧೂಳು.
ಕಿಟಕಿಯ ಕೆಳಗೆ ಒಡೆದ ಫರ್ಸಿ ತುಂಡುಗಳು ಸಾಲಾಗಿ,
ಒಂದಲ್ಲ, ನಾಲ್ಕು.
ನಾಲ್ಕರ ಮೇಲೂ ಧೂಳಿಲ್ಲ.